ಬೂದಿ ಮುಚ್ಚಿದ ಕೆಂಡ

(ಬೆಟ್ಟಗಳ ಮೇಲೆ ಮೋಜಿಗಾಗಿ ಹಾಕುವ ಬೆಂಕಿಯನ್ನು ಕುರಿತು ದೊಡ್ಡಬಳ್ಳಾಪುರದಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಪಾಠ)



ಬೆಂಕಿಕಡ್ಡಿಯನ್ನೂ ಎಣಿಸಿ ಬಳಸುತ್ತಿದ್ದ ಕಾಲದಲ್ಲಿ ಹಳ್ಳಿಯ ಹೆಂಗಸರು ರಾತ್ರಿಯ ಅಡುಗೆ ಮುಗಿದ ಮೇಲೆ ಒಲೆಯ ಕೆಂಡಗಳನ್ನು ಒಟ್ಟುಗೂಡಿಸಿ ಬೂದಿ ಮುಚ್ಚುತ್ತಿದ್ದರು. ಅದು ಬೆಂಕಿಯನ್ನು ಬೆಳಗಿನವರೆಗೆ ಉಳಿಸಿಕೊಳ್ಳುವ ಉಪಾಯ. ನಸುಕಿನಲ್ಲಿ ಬೂದಿ ಸರಿಸಿ, ತರಗು ಇಟ್ಟು ಊದಿದರೆ ಉರಿ ಏಳುತ್ತಿತ್ತು. ಇಂದು ಬೆಟ್ಟಕ್ಕೆ ಬರುವ ಎಷ್ಟೋ ಮಂದಿ ರಾತ್ರಿಯೆಲ್ಲ ಚಳಿ ಕಾಯಿಸಿ, ಬೆಳಗ್ಗೆ ಕೆಂಡದ ಮೇಲೆ ಎರಡು ಹಿಡಿ ಮಣ್ಣು ಎರಚಿ, ಬೆಂಕಿ ಆರಿತೆಂದು ನಂಬಿ ಇಳಿದುಹೋಗುತ್ತಾರೆ. ಅಜ್ಜಿಯಂದಿರು ಬೆಂಕಿಯನ್ನು ಉಳಿಸಲು ಮಾಡುತ್ತಿದ್ದ ಕೆಲಸವನ್ನೇ ಇವರು ಆರಿಸಲು ಮಾಡುತ್ತಾರೆ. ಅಪಾಯದ ಮೂಲ ಈ ತಪ್ಪು ತಿಳಿವಳಿಕೆಯಲ್ಲಿದೆ.

ದೊಡ್ಡಬಳ್ಳಾಪುರ ತಾಲ್ಲೂಕಿನ ಮಾಕಳಿದುರ್ಗವನ್ನೇ ನೋಡಬಹುದು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಈ ಬೆಟ್ಟದ ಬುಡದಲ್ಲಿಯೇ ರೈಲು ಹಾದಿಯಿದೆ. ನೆತ್ತಿಯ ಮೇಲೆ ಹಳೆಯ ಕೋಟೆಯೂ ಶಿವನ ಗುಡಿಯೂ ಇವೆ. ಬಂಡೆಗಳ ನಡುವೆ ಬೆಳೆದ ಹುಲ್ಲು ಮಾಘ, ಫಾಲ್ಗುಣದ ಹೊತ್ತಿಗೆ ಒಣಗಿ ಗರಿಗರಿಯಾಗುತ್ತದೆ. ಬೆಳದಿಂಗಳಿನ ಚಾರಣಕ್ಕೆ ಹಿತವಾದ ಚಳಿಗಾಲದ ಕೊನೆಯ ದಿನಗಳೇ ಹುಲ್ಲಿಗೆ ಬೆಂಕಿ ತಾಗುವ ದಿನಗಳೂ ಹೌದು. ಮಣ್ಣಿನ ಕೆಳಗೆ ಉಳಿದ ಕೆಂಡ ಹುಲ್ಲಿನ ಬೇರು, ಒಣಸಗಣಿಗಳನ್ನು ಹಿಡಿದು ಗಂಟೆಗಟ್ಟಲೆ ಕನಲುತ್ತದೆ. ಮಧ್ಯಾಹ್ನದ ಗಾಳಿಗೆ ಬೂದಿ ಹಾರಿದಾಗ ಕಿಡಿ ಹೊರಬೀಳುತ್ತದೆ. ಅಷ್ಟರಲ್ಲಿ ಬೆಂಕಿ ಹಾಕಿದವರು ತಮ್ಮ ಮನೆ ಸೇರಿರುತ್ತಾರೆ.

ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ. ಜ್ವಾಲೆಯ ಬಿಸಿ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಉರಿಯಲು ಸಿದ್ಧಗೊಳಿಸುವುದೇ ಇದಕ್ಕೆ ಕಾರಣ. 2018ರ ಮಾರ್ಚ್ 11ರಂದು ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿಯಲ್ಲಿ ಒಣಹುಲ್ಲಿನ ಇಳಿಜಾರಿನಲ್ಲಿ ಕಾಡ್ಗಿಚ್ಚಿಗೆ ಸಿಲುಕಿ 20ಕ್ಕೂ ಹೆಚ್ಚು ಚಾರಣಿಗರು ಪ್ರಾಣ ಕಳೆದುಕೊಂಡರು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸುಮಾರು 4,400 ಹೆಕ್ಟೇರ್ ಕಾಡು ಸುಟ್ಟುಹೋಯಿತು. ಇವೆರಡನ್ನೂ ಇಲ್ಲಿ ನೆನೆಯುವುದು ಕಾರಣಕ್ಕಾಗಿ ಅಲ್ಲ, ವೇಗಕ್ಕಾಗಿ. ಒಣಹುಲ್ಲು, ಲಂಟಾನ ಮತ್ತು ಗಾಳಿ ಸೇರಿದರೆ ಕಿಡಿ ಎಲ್ಲಿಂದ ಬಂದಿತೆಂದು ವಿಚಾರಿಸುವಷ್ಟೂ ಸಮಯವಿರುವುದಿಲ್ಲ.

ನಷ್ಟ ಉಳಿಯುವುದು ಊರಿಗೆ. ಬೇಸಿಗೆಯ ಮೇವು ಒಂದೇ ದಿನದಲ್ಲಿ ಬೂದಿಯಾಗುತ್ತದೆ. ನೆಲದಲ್ಲಿ ಗೂಡು ಕಟ್ಟುವ ಗೌಜಲಹಕ್ಕಿಯ ಮೊಟ್ಟೆಗಳು ಬೇಯುತ್ತವೆ. ಹೊದಿಕೆ ಕಳೆದುಕೊಂಡ ಮಣ್ಣು ಮೊದಲ ಮಳೆಗೇ ಕೊಚ್ಚಿ ಕೆರೆಯ ಹೂಳಾಗುತ್ತದೆ. ಅರ್ಕಾವತಿಯ ಉಗಮವಿರುವ ನಂದಿ ಸಾಲಿನ ತಪ್ಪಲಿನಲ್ಲಿ ಇದು ಸಣ್ಣ ಮಾತಲ್ಲ. ಅನುಮಾನವಂತೂ ಮೊದಲು ಕುರಿ ಕಾಯುವವನ ಮೇಲೆ ಬೀಳುತ್ತದೆ. ಹೊಸ ಚಿಗುರಿನ ಆಸೆಗೆ ಹುಲ್ಲಿಗೆ ಬೆಂಕಿ ಇಡುವ ಅಭ್ಯಾಸ ಹಳ್ಳಿಗಳಲ್ಲಿಯೂ ಇದೆಯೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆ ಅಭ್ಯಾಸವನ್ನು ಬಿಟ್ಟ ಊರಿಗೆ ಮಾತ್ರ ಅತಿಥಿಗಳನ್ನು ತಡೆದು ಕೇಳುವ ನೈತಿಕ ಬಲವಿರುತ್ತದೆ.

ಬೆಂಕಿಯೇ ಕೆಟ್ಟದ್ದೆಂದು ಇದರ ಅರ್ಥವಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ರೈತರು ಚಳಿಗೆ ಬೆಂಕಿ ಹಾಕಿಕೊಳ್ಳುತ್ತಾರೆ. ಅಲ್ಲಿ ನೆಲ ಬೋಳು, ಪಕ್ಕದಲ್ಲಿ ದನಗಳಿಗಾಗಿ ತಂದ ನೀರು, ಎತ್ತು ಕಾಯುತ್ತ ಎಚ್ಚರವಿರುವ ಒಡೆಯ. ಬೆಟ್ಟದ ನೆತ್ತಿಯ ಬೆಂಕಿಗೆ ಈ ಮೂರೂ ಇಲ್ಲ.

ಕಾನೂನೂ ಸ್ಪಷ್ಟವಾಗಿದೆ. 1963ರ ಕರ್ನಾಟಕ ಅರಣ್ಯ ಕಾಯಿದೆಯ 24ನೆಯ ಪ್ರಕರಣದಂತೆ ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದೂ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದೂ ಅಪರಾಧ. ಆದುದರಿಂದ ಕಾಡುಬೆಟ್ಟದಲ್ಲಿ ಪಾಲಿಸಬೇಕಾದ ನಿಯಮ ಒಂದೇ: ಬೆಂಕಿ ಬೇಡ. ಕಂಬಳಿ, ಟಾರ್ಚು, ಫ್ಲಾಸ್ಕಿನ ಬಿಸಿ ಚಹಾ ಇಷ್ಟು ಸಾಕು.

ಸ್ವಂತ ಹೊಲ, ಅನುಮತಿಯಿರುವ ಶಿಬಿರದ ಬಯಲು ಮುಂತಾದೆಡೆ ಬೆಂಕಿ ಹಾಕುವವರು ಸುತ್ತಲಿನ ಹುಲ್ಲು, ತರಗನ್ನು ಕೆರೆದು ತೆಗೆಯಬೇಕು. ಗಾಳಿಯಿದ್ದರೆ ಹೊತ್ತಿಸಬಾರದು. ಬಂಡೆಗೆ ತಾಗಿಸಿ ಹಾಕಬಾರದು. ಕಾದ ಕಲ್ಲು ಚಕ್ಕೆಯೊಡೆದು ಸಿಡಿಯುತ್ತದೆ. ಮುಗಿದ ಮೇಲೆ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ನೀರು ಸುರಿಯಬೇಕು. ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದಾಗ ಬಿಸಿ ತಾಗಿದರೆ ಬೆಂಕಿ ಇನ್ನೂ ಆರಿಲ್ಲ. ಕಡಲತೀರದಲ್ಲಿಯೂ ಮಾತು ಇದೇ: ಮರಳಿನಲ್ಲಿ ಹೂತ ಕೆಂಡ ಬಿಸಿಯಾಗಿಯೇ ಉಳಿದು, ಮರುದಿನ ಬರಿಗಾಲಿನಲ್ಲಿ ಓಡುವ ಮಗುವಿನ ಪಾದವನ್ನು ಸುಡಬಲ್ಲದು.

ಬೆಟ್ಟದಲ್ಲಿ ಹೊಗೆ ಕಂಡರೆ 112ಕ್ಕೆ ಕರೆ ಮಾಡಿ ಅರಣ್ಯ ಸಿಬ್ಬಂದಿಗೂ ತಿಳಿಸಬೇಕು. ಬೆಂಕಿಗೆ ಸಿಲುಕಿದವರು ಮೇಲಕ್ಕೆ ಓಡಬಾರದು. ಪಕ್ಕಕ್ಕೆ ಸರಿದು ಹುಲ್ಲಿಲ್ಲದ ಅಗಲವಾದ ಬಂಡೆಯನ್ನು ಸೇರಬೇಕು.

ತಪ್ಪಲಿನ ಹಳ್ಳಿಯವರು ಸೌದೆ ಹೊತ್ತು ಹತ್ತುವವರನ್ನು ಕಂಡಾಗ ಜಗಳಕ್ಕೆ ನಿಲ್ಲಬೇಕಾಗಿಲ್ಲ. “ಆರಿಸೋದಕ್ಕೆ ನೀರು ಎಲ್ಲಿದೆಯಪ್ಪ?” ಎಂದು ಒಂದು ಮಾತು ಕೇಳಿದರೆ ಸಾಕು. ಕುಡಿಯಲು ಒಂದೆರಡು ಸೀಸೆ ನೀರು ಮಾತ್ರ ತಂದವರ ಬಳಿ ಅದಕ್ಕೆ ಉತ್ತರವಿರುವುದಿಲ್ಲ. ಆರಿಸುವಷ್ಟು ನೀರನ್ನು ಹೊತ್ತೊಯ್ಯಲಾರದವರು ಸೌದೆಯನ್ನು ಕೆಳಗೇ ಇಳಿಸಿ ಹೋಗಲಿ.