ಮೊದಲು ಫೈಲು, ಆಮೇಲೆ ರಿಪೇರಿ
(ಭಾಷಣದ ಬರಹರೂಪ)



ಒಂದು ಶಾಲೆಯ ಕಂಪ್ಯೂಟರಿನಲ್ಲಿ ಏನೆಲ್ಲ ಇರುತ್ತದೆ ಎಂದು ಎಣಿಸಿ ನೋಡಿ. ನುಡಿಯಲ್ಲಿ ಟೈಪ್ ಮಾಡಿದ ಕನ್ನಡ ಪ್ರಶ್ನೆಪತ್ರಿಕೆ, ಇನ್‌ಪೇಜ್‌ನಲ್ಲಿ ಸಿದ್ಧಪಡಿಸಿದ ಉರ್ದು ಪ್ರಶ್ನೆಪತ್ರಿಕೆ, ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿಗಾಗಿ ಸ್ಕ್ಯಾನ್ ಮಾಡಿಟ್ಟ ಮಕ್ಕಳ ದಾಖಲೆಗಳು. ಒಂದು ಬೆಳಿಗ್ಗೆ ವಿಂಡೋಸ್ ಆರಂಭವಾಗದೆ ಬರೀ ಕಪ್ಪು ಪರದೆ ಕಂಡರೆ? "ಫಾರ್ಮ್ಯಾಟ್ ಮಾಡಿಬಿಡೋಣ ಸಾರ್" ಎಂಬ ಸಲಹೆ ಕೂಡಲೇ ಬರುತ್ತದೆ. ಯಂತ್ರವೇನೋ ಸರಿಹೋಗಬಹುದು, ಆದರೆ ಮಕ್ಕಳ ದಾಖಲೆ ಹೋಗುತ್ತದೆ. ಅರ್ಜಿಯ ಕೊನೆಯ ದಿನಾಂಕ ನಮಗಾಗಿ ಕಾಯುವುದಿಲ್ಲ. ಆದ್ದರಿಂದ ನಾನು ಹೇಳುವುದು ಇಷ್ಟೇ: ಮೊದಲು ಫೈಲು ಉಳಿಸಿ, ಆಮೇಲೆ ರಿಪೇರಿ ಮಾಡಿ. ಅದಕ್ಕೆ ಬೇಕಾದ ಸಾಧನವೇ ಬೂಟ್ ಡಿಸ್ಕ್.

ವಿಂಡೋಸ್ ಕೆಟ್ಟಿತೆಂದರೆ ಹಾರ್ಡ್ ಡಿಸ್ಕ್ ಕೆಟ್ಟಿತೆಂದು ಅರ್ಥವಲ್ಲ. ಬೀಗ ಕೆಟ್ಟರೆ ಪೆಟ್ಟಿಗೆಯೊಳಗಿನ ಒಡವೆ ಮಾಯವಾಗುವುದೇ? ಕಂಪ್ಯೂಟರನ್ನು ಡಿವಿಡಿ ಅಥವಾ ಪೆನ್ ಡ್ರೈವ್‌ನಿಂದ ಆರಂಭಿಸಿದರೆ ಹಾರ್ಡ್ ಡಿಸ್ಕ್‌ನಲ್ಲಿರುವುದನ್ನು ಹೊರಗಿನಿಂದಲೇ ಓದಬಹುದು. ಸಿಡಿಯಿಂದ ಕಂಪ್ಯೂಟರ್ ಆರಂಭಿಸುವ 'ಎಲ್ ಟೊರಿಟೊ' ಎಂಬ ಕ್ರಮವನ್ನು ಫೀನಿಕ್ಸ್ ಮತ್ತು ಐಬಿಎಂ 1995ರಲ್ಲಿ ರೂಪಿಸಿದವು. ಅದರ ಫಲವನ್ನು ಇಂದಿಗೂ ಉಣ್ಣುತ್ತಿದ್ದೇವೆ.

ಇಂಥ ಡಿಸ್ಕ್‌ಗೆ 'ಸಿಸ್ಟಂರೆಸ್ಕ್ಯೂ' ಒಳ್ಳೆಯ ಆಯ್ಕೆ. ಇದು ಲಿನಕ್ಸ್ ಆಧಾರಿತ, ಉಚಿತ. ಅಳಿದ ಪಾರ್ಟಿಷನ್ ಹುಡುಕುವ ಟೆಸ್ಟ್‌ಡಿಸ್ಕ್, ಅಳಿಸಿಹೋದ ಫೈಲು ಹೆಕ್ಕುವ ಫೋಟೊರೆಕ್, ಕೆಟ್ಟ ಡಿಸ್ಕ್‌ನ ಪ್ರತಿ ತೆಗೆಯುವ ಡಿಡಿರೆಸ್ಕ್ಯೂ, ಪಾರ್ಟಿಷನ್ ಹೊಂದಿಸುವ ಜಿಪಾರ್ಟೆಡ್ ಎಲ್ಲವೂ ಇದರಲ್ಲಿವೆ.

ಮಾಡುವ ವಿಧಾನ ಹೀಗೆ. ಚೆನ್ನಾಗಿರುವ ಕಂಪ್ಯೂಟರಿನಲ್ಲಿ, ಸಿಸ್ಟಂರೆಸ್ಕ್ಯೂವಿನ ಸ್ವಂತ ತಾಣದಿಂದಲೇ ಐಎಸ್ಒ ಫೈಲನ್ನು ಇಳಿಸಿಕೊಳ್ಳಿ. ಈಗಿನ ಆವೃತ್ತಿ 700 ಎಂಬಿಯ ಸಿಡಿಯಲ್ಲಿ ಹಿಡಿಸುವುದಿಲ್ಲ, 4.7 ಜಿಬಿಯ ಡಿವಿಡಿ ಬೇಕು. ಐಎಸ್ಒ ಫೈಲನ್ನು ಡಿವಿಡಿಗೆ ಬರೀ ಕಾಪಿ ಮಾಡಿದರೆ ಬೂಟ್ ಆಗದು. ವಿಂಡೋಸ್ 7 ಮತ್ತು ನಂತರದವುಗಳಲ್ಲಿರುವ 'ಬರ್ನ್ ಡಿಸ್ಕ್ ಇಮೇಜ್' ಮೂಲಕವೇ ಬರೆಯಬೇಕು. ಡಿವಿಡಿ ಡ್ರೈವ್ ಇಲ್ಲದ ಯಂತ್ರಕ್ಕೆ 'ರೂಫಸ್' ಎಂಬ ಉಚಿತ ತಂತ್ರಾಂಶದಿಂದ ಪೆನ್ ಡ್ರೈವ್ ಮಾಡಿಕೊಳ್ಳಿ. ಆ ಪೆನ್ ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ, ಎಚ್ಚರ.

ಬಳಸುವಾಗ ಯಂತ್ರ ಆನ್ ಮಾಡಿದ ತಕ್ಷಣ ಬೂಟ್ ಮೆನುವಿನ ಕೀಲಿ ಒತ್ತಿ. ಡೆಲ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಹೊಸ ಯಂತ್ರಗಳಲ್ಲಿ 'ಸೆಕ್ಯೂರ್ ಬೂಟ್' ಅಡ್ಡಬಂದರೆ ಅದನ್ನು ಆಫ್ ಮಾಡಬೇಕಾಗುತ್ತದೆ. ಡಿಸ್ಕ್‌ಗೆ ಬಿಟ್‌ಲಾಕರ್ ರಕ್ಷಣೆ ಇದ್ದರೆ 48 ಅಂಕಿಗಳ ಕೀ ಇಲ್ಲದೆ ಫೈಲು ಸಿಗುವುದು ಕಷ್ಟ. ಅದನ್ನು ಇಂದೇ ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ.

ಮೂರು ನಿಯಮ ನೆನಪಿರಲಿ. ಒಂದು, ಉಳಿಸಿದ ಫೈಲನ್ನು ಅದೇ ಹಾರ್ಡ್ ಡಿಸ್ಕ್‌ಗೆ ಬರೆಯಬೇಡಿ, ಬೇರೆ ಡಿಸ್ಕ್‌ಗೆ ಬರೆಯಿರಿ. ಇಲ್ಲವಾದರೆ ಇನ್ನೂ ಸಿಗಬೇಕಾದ ಫೈಲುಗಳ ಮೇಲೆಯೇ ಬರೆದಂತಾಗುತ್ತದೆ. ಎರಡು, ಡಿಸ್ಕ್ ಓದಲು ತಡವರಿಸುತ್ತಿದ್ದರೆ ರಿಪೇರಿಗೆ ಕೈ ಹಾಕದೆ ಮೊದಲು ಡಿಡಿರೆಸ್ಕ್ಯೂನಿಂದ ಪ್ರತಿ ತೆಗೆಯಿರಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿ, ಕೆಟ್ಟ ಭಾಗಕ್ಕೆ ಆಮೇಲೆ ಬರುತ್ತದೆ. ಮೂರು, 'ಟಕ್ ಟಕ್' ಸದ್ದು ಬಂದರೆ ಕೂಡಲೇ ಆಫ್ ಮಾಡಿ. ಅದು ಯಂತ್ರಭಾಗದ ದೋಷ, ತಂತ್ರಾಂಶದಿಂದ ಸರಿಯಾಗದು.

ವಿದ್ಯಾರ್ಥಿಗಳೇ, ಇನ್ನೊಂದು ಮಾತು. ಬಿಟ್‌ಲಾಕರ್‌ನಂಥ ರಕ್ಷಣೆ ಇಲ್ಲದ ಡಿಸ್ಕ್ ಆದರೆ ವಿಂಡೋಸ್ ಪಾಸ್‌ವರ್ಡ್ ಇಲ್ಲದೆಯೇ ಬೂಟ್ ಡಿಸ್ಕ್ ಅದನ್ನು ತೆರೆದು ತೋರಿಸುತ್ತದೆ. ನಾಳೆ ನೆರೆಮನೆಯವರು ತಮ್ಮ ಲ್ಯಾಪ್‌ಟಾಪ್ ನಿಮ್ಮ ಕೈಗೆ ಕೊಡಬಹುದು. ಅದರಲ್ಲಿ ಅವರ ಮನೆಯ ಫೋಟೊಗಳು, ಬ್ಯಾಂಕಿನ ಕಾಗದಗಳು ಇರುತ್ತವೆ. ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿಕೆಯಿಂದ ಒಪ್ಪಿಸಿದ ವಸ್ತು. ಕನ್ನಡಕ್ಕೆ ಬಂದು 'ಅಮಾನತು' ಆದ ಆ ಪದವನ್ನು ನಾವಿಂದು ನೌಕರನನ್ನು ಕೆಲಸದಿಂದ ತಡೆಹಿಡಿಯುವುದಕ್ಕೆ ಹೇಳುತ್ತೇವೆ. ಇನ್ನೊಬ್ಬರ ಹಾರ್ಡ್ ಡಿಸ್ಕ್ ಮೊದಲನೆಯ ಅರ್ಥದ ಅಮಾನತ್. ಫೈಲನ್ನು ಉಳಿಸಿ ಕೊಡಿ, ತೆರೆದು ನೋಡಬೇಡಿ. ಕೆಲಸ ಮುಗಿದ ಮೇಲೆ ನಿಮ್ಮಲ್ಲಿ ಉಳಿದ ಪ್ರತಿಯನ್ನು ಅಳಿಸಿ. ಕೈಚಳಕ ಯಾರಿಗಾದರೂ ಬಂದೀತು, ಜನ ಹುಡುಕಿಕೊಂಡು ಬರುವುದು ನಂಬಿಕಸ್ಥನ ಬಳಿಗೆ.

ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಪ್ರಯೋಜನವಿಲ್ಲ. ಈ ವಾರವೇ ಒಂದು ಡಿಸ್ಕ್ ಮಾಡಿ, ಅದರ ಮೇಲೆ ದಿನಾಂಕ ಬರೆಯಿರಿ. ಯಂತ್ರ ಚೆನ್ನಾಗಿರುವಾಗಲೇ ಒಮ್ಮೆ ಅದರಿಂದ ಬೂಟ್ ಮಾಡಿ ಪರೀಕ್ಷಿಸಿ. ಮುಖ್ಯ ಫೈಲುಗಳ ಇನ್ನೊಂದು ಪ್ರತಿಯನ್ನೂ ಬೇರೆಡೆ ಇಡಿ, ಏಕೆಂದರೆ ಬೂಟ್ ಡಿಸ್ಕ್ ಬ್ಯಾಕಪ್‌ಗೆ ಬದಲಿಯಲ್ಲ.