ಹುಳ ತಿನ್ನದ ತೊಗರಿ ಬರಲಿ, ಬೀಜ ಮಾತ್ರ ನಮ್ಮ ಮನೆಯಲ್ಲೇ ಇರಲಿ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾನು ವಿಜ್ಞಾನಿ ಅಲ್ಲ. ನಮ್ಮೂರ ಹೈಸ್ಕೂಲಿಗೇ ನನ್ನ ಓದು ಮುಗಿಯಿತು. ಆದರೂ ಹೋದಲ್ಲೆಲ್ಲ ನೀವು ಒಂದು ಮಾತು ಕೇಳ್ತೀರಿ: "ತೊಗರಿಗೆ, ಕಡಲೆಗೆ ಹುಳ ತಿನ್ನದ ಬೀಜ ಬರ್ತದಂತ, ಖರೇ ಏನ್ರಿ?" ಅದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ.

1997-98ನೇ ಸಾಲನ್ನು ನೆನಪು ಮಾಡಿಕೊಳ್ಳಿ. ಬೀದರ್, ಕಲಬುರಗಿ ಸೀಮೆಯಲ್ಲಿ ತೊಗರಿ ಕಾಯಿಕೊರಕದ ಪಾಲಾಯಿತು. ನಮ್ಮ ಅಪ್ಪ ಉದ್ರಿ ತಂದು ಎಣ್ಣೆ ಹೊಡೆದ. ಒಂದಕ್ಕೆ ಹುಳ ಸಾಯಲಿಲ್ಲ ಅಂತ ಇನ್ನೊಂದು ತಂದ. ಕಡೆಗೆ ಗಿಡ ಅಲುಗಾಡಿಸಿ, ಕೆಳಗೆ ಬಟ್ಟೆ ಹಾಸಿ, ಮನೆಮಂದಿಯೆಲ್ಲ ಹುಳ ಉದುರಿಸಿದೆವು. ಅಂಗಡಿಯವನ ಉದ್ರಿ ಪುಸ್ತಕ ತುಂಬಿತು, ನಮ್ಮ ಚೀಲ ತುಂಬಲಿಲ್ಲ. ನಮ್ಮ ಮನೆ ಹೇಗೋ ಉಳಿಯಿತು. ಸಾಲಕ್ಕೆ ಹೆದರಿ ಜೀವ ಬಿಟ್ಟವರ ಮನೆಗಳೂ ಇವೆ. ಆದ್ದರಿಂದ ಹುಳ ತಿನ್ನದ ಬೀಜ ಅಂದರೆ ನಾವು ಕಿವಿ ನಿಮಿರಿಸುವುದು ತಪ್ಪಲ್ಲ.

ಈ ಬೀಜವನ್ನು ಹೇಗೆ ಮಾಡುತ್ತಾರೆ? ಮಣ್ಣಿನಲ್ಲಿ ಅಗ್ರೊಬ್ಯಾಕ್ಟೀರಿಯಂ ಅಂತ ಒಂದು ಸೂಕ್ಷ್ಮಜೀವಿ ಇದೆ. ಅದು ಗಾಯವಾದ ಗಿಡದೊಳಗೆ ಹೊಕ್ಕು, ತನ್ನ ವಂಶವಾಹಿಯ ಒಂದು ತುಂಡನ್ನು ಗಿಡದ ವಂಶವಾಹಿಗೆ ಸೇರಿಸಿ ಗಂಟು ಬರಿಸುತ್ತದೆ. ವಿಜ್ಞಾನಿಗಳು ಗಂಟು ಬರಿಸುವ ಗುಣ ತೆಗೆದು, ಆ ಜಾಗದಲ್ಲಿ ತಮಗೆ ಬೇಕಾದ ಗುಣ ಇಡುತ್ತಾರೆ. ಬಿಟಿ ಎಂಬುದೂ ಮಣ್ಣಿನ ಇನ್ನೊಂದು ಸೂಕ್ಷ್ಮಜೀವಿಯ ಗುಣವೇ. ಅದು ಗಿಡದಲ್ಲಿ ಸೇರಿದರೆ, ಗಿಡ ತಿಂದ ಕಾಯಿಕೊರಕದ ಹೊಟ್ಟೆ ಕೆಡುತ್ತದೆ, ಹುಳ ಸಾಯುತ್ತದೆ.

ಗುಣ ಸೇರಿಸಿದರೆ ಸಾಲದು, ಆ ಒಂದು ಚೂರಿನಿಂದ ಪೂರ್ತಿ ಗಿಡ ಏಳಬೇಕು. ಇದಕ್ಕೆ ಅಂಗಾಂಶ ಕೃಷಿ ಅಂತಾರೆ. ಟಿಶ್ಯೂ ಕಲ್ಚರ್ ಬಾಳೆ ನೀವೇ ಹಚ್ಚಿದ್ದೀರಿ. ಬಾಳೆ ಸೀಸೆಯೊಳಗೆ ಸಲೀಸಾಗಿ ಮರಿ ಹಾಕುತ್ತದೆ. ನಮ್ಮ ಬೇಳೆಕಾಳಿನ ಗಿಡಗಳು ಹಠಮಾರಿ. ಚೂರು ಉಬ್ಬಿ ಗಡ್ಡೆಯಂತಾಗುತ್ತದೆ, ಕುಡಿ ಒಡೆಯುವುದಿಲ್ಲ. ಕುಡಿ ಒಡೆದರೆ ಬೇರು ಬಿಡುವುದಿಲ್ಲ. ಕಡಲೆಯಲ್ಲಂತೂ ಸೀಸೆಯ ಕುಡಿಯನ್ನು ಬೇರೆ ಸಸಿಯ ಬೇರಿಗೆ ಕಸಿ ಕಟ್ಟಿ ಬದುಕಿಸಿದ್ದೂ ಉಂಟು. ಮಾವಿಗೆ ನಾವು ಕಟ್ಟೋ ಕಸಿಯ ಹಾಗೇ! ನೂರಾರು ಚೂರು ಹಾಕಿದರೆ ಬೆರಳೆಣಿಕೆಯಷ್ಟು ಕೈಗೆ ಹತ್ತುತ್ತವೆ. ಕಡಲೆಗೆ ಹೊರಗಿನ ವಂಶವಾಹಿ ಸೇರಿಸಿದ ವರದಿ 1993ರಲ್ಲೇ ಬಂತು. ಅಸ್ಸಾಂ ಕೃಷಿ ವಿಶ್ವವಿದ್ಯಾಲಯ ಕಡಲೆಯ ಮೇಲೆ, ಪಟಾಂಚೇರುವಿನ ಇಕ್ರಿಸ್ಯಾಟ್ ತೊಗರಿ, ಕಡಲೆ, ಶೇಂಗಾಗಳ ಮೇಲೆ ವರ್ಷಗಟ್ಟಲೆ ದುಡಿದಿವೆ. ಮೂವತ್ತು ವರ್ಷ ದಾಟಿದರೂ ಆ ಬೀಜ ನಮ್ಮ ಕೂರಿಗೆಗೆ ಬಂದಿಲ್ಲ. ಆದ್ದರಿಂದ ಯಾರಾದರೂ ಊರಿಗೆ ಬಂದು "ಬಿಟಿ ತೊಗರಿ ಬೀಜ ಅದ" ಅಂತ ಮಾರಿದರೆ ಮೋಸ ಹೋಗಬೇಡಿ.

ಹೊರದೇಶದಲ್ಲಿ ಬಂದಿದೆ. ನೈಜೀರಿಯಾದಲ್ಲಿ ಅಲಸಂದಿ ಬಡವರ ಊಟ. ಅದರ ಹೂ, ಕಾಯಿ ಹೆಣೆದು ತಿನ್ನುವ ಹುಳವೇ ನಮ್ಮ ತೊಗರಿಯಲ್ಲೂ ಬಲೆ ಕಟ್ಟುತ್ತದೆ. ಅಲ್ಲಿನ ಜಾರಿಯಾ ಊರಿನ ಸರ್ಕಾರಿ ಕೃಷಿ ಸಂಶೋಧನಾ ಸಂಸ್ಥೆ ಬಿಟಿ ಅಲಸಂದಿ ತಳಿ ಮಾಡಿತು. 2019ರಲ್ಲಿ ಒಪ್ಪಿಗೆ ಸಿಕ್ಕಿತು, 2021ರಿಂದ ರೈತರು ಬಿತ್ತಿದರು. ವಂಶವಾಹಿ ಕಂಪನಿಯದೇ, ಆದರೆ ರಾಯಧನವಿಲ್ಲದೆ ಕೊಟ್ಟದ್ದು. ಹೈಬ್ರಿಡ್ ಅಲ್ಲದ್ದರಿಂದ ರೈತ ರಾಶಿಯಿಂದಲೇ ಮುಂದಿನ ವರ್ಷದ ಬೀಜ ತೆಗೆಯಬಹುದು.

ಈಗ ನಮ್ಮ ಹತ್ತಿಯನ್ನು ನೋಡಿ. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಮೊದಮೊದಲು ಎಣ್ಣೆಯ ಖರ್ಚು ಇಳಿಯಿತು, ಇಲ್ಲ ಅನ್ನಲಾರೆ. ಆದರೆ ಕೊಟ್ಟದ್ದು ಹೈಬ್ರಿಡ್. ವರ್ಷ ವರ್ಷ ಅಂಗಡಿಯ ಬಾಗಿಲಿಗೇ ಹೋಗಬೇಕು. ಗುಲಾಬಿ ಕಾಯಿಕೊರಕ ಈ ಬಿಟಿಗೆ ಬಗ್ಗುತ್ತಿಲ್ಲವೆಂದು 2010ರಲ್ಲಿ ಗುಜರಾತಿನ ವಿಷಯದಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಬೀಜದ ಸಾಲವೂ ಉಳಿಯಿತು, ಎಣ್ಣೆಯ ಸಾಲವೂ ಮರಳಿ ಬಂತು.

ಇನ್ನೊಂದು ಮಾತು. ಬಿಟಿ ಎಲ್ಲದಕ್ಕೂ ಮದ್ದಲ್ಲ. ಕಾಯಿಕೊರಕಕ್ಕೆಂದು ಸೇರಿಸಿದ ಗುಣ ಕಾಯಿನೊಣವನ್ನು ತಡೆಯುವುದಿಲ್ಲ, ಗೊಡ್ಡು ರೋಗ ತಡೆಯುವುದಿಲ್ಲ. 2022ರಲ್ಲಿ ಕಲಬುರಗಿಯ ತೊಗರಿಯನ್ನು ಒಣಗಿಸಿದ್ದು ನೆಟೆ ರೋಗ, ಹುಳ ಅಲ್ಲ. ಇದು ಉಣ್ಣುವ ಕಾಳು ಎಂಬುದನ್ನೂ ಮರೆಯಬಾರದು. ಆಸ್ಟ್ರೇಲಿಯಾದಲ್ಲಿ ಬೀನ್ಸ್ ಕಾಳಿನ ಒಂದು ಗುಣವನ್ನು ಬಟಾಣಿಗೆ ಸೇರಿಸಿದ್ದರು. ಅದನ್ನು ತಿಂದ ಇಲಿಗಳಲ್ಲಿ ತೊಂದರೆ ಕಂಡು 2005ರಲ್ಲಿ ಕೈಬಿಟ್ಟರು. ಆ ಫಲಿತಾಂಶವನ್ನು 2013ರಲ್ಲಿ ಬೇರೆ ಸಂಶೋಧಕರು ಪ್ರಶ್ನಿಸಿದ್ದೂ ಉಂಟು. ಅಂದರೆ ಪ್ರತಿಯೊಂದು ತಳಿಯನ್ನೂ ಬೇರೆ ಬೇರೆಯಾಗಿ, ಎಲ್ಲರ ಕಣ್ಣೆದುರು ಪರೀಕ್ಷೆ ಮಾಡಬೇಕು.

ಹುಳದಿಂದ ಉಳಿದ ತೊಗರಿಯನ್ನು ಮಾರುಕಟ್ಟೆ ತಿಂದರೆ? 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ನಾವು ಆಸೆಯಿಂದ ಹೆಚ್ಚು ಬಿತ್ತಿದೆವು. 2016ರಲ್ಲಿ ಸರ್ಕಾರ ಮೊಜಾಂಬಿಕ್ ದೇಶದಿಂದ ತೊಗರಿ ತರಿಸಲು ಒಪ್ಪಂದ ಮಾಡಿಕೊಂಡಿತು. ಆ ಸಾಲಿನ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಾಲಿಗೆ 5050 ರೂಪಾಯಿ. ರಾಶಿಯಾಗಿ ಅಡತಿಗೆ ಹೋದರೆ ಅಷ್ಟೂ ಹುಟ್ಟಲಿಲ್ಲ. ಆ ವರ್ಷ ನಮ್ಮನ್ನು ಮುಳುಗಿಸಿದ್ದು ಹುಳ ಏನ್ರಿ?

ಹಾಗಂತ ವಿಜ್ಞಾನ ಬೇಡ ಅನ್ನುವವನು ನಾನಲ್ಲ. ಮೂರು ಪ್ರಶ್ನೆ ಕೇಳಿ ಅನ್ನುತ್ತೇನೆ. ಈ ಬೀಜ ಯಾರ ಸ್ವತ್ತು? ಇದನ್ನು ಮನೆಯಲ್ಲಿ ಇಟ್ಟು ಮುಂದಿನ ವರ್ಷ ಬಿತ್ತಬಹುದೇ? ಬೆಳೆದದ್ದಕ್ಕೆ ಬೆಲೆ ಯಾರು ಕೊಡುತ್ತಾರೆ?

2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಬೀಜ ಉಳಿಸುವ, ಬಿತ್ತುವ, ಹಂಚುವ, ಬ್ರಾಂಡ್ ಹಾಕದೆ ಮಾರುವ ಹಕ್ಕನ್ನು ನಮಗೆ ಕೊಟ್ಟಿದೆ. ಆದರೆ ಹೈಬ್ರಿಡ್ ಬಂದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಉಳಿಸಿದ ಬೀಜ ತಾಯಿಯ ಹಾಗೆ ಫಸಲು ಕೊಡುವುದಿಲ್ಲ. ತೊಗರಿ ಹೂವಿಗೆ ಜೇನು ಬರುತ್ತದೆ, ಪರಾಗ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಪಕ್ಕದವನು ಬಿತ್ತಿದ್ದು ನಿಮ್ಮ ಬೀಜಕ್ಕೂ ಸೇರುತ್ತದೆ. ಆದ್ದರಿಂದ ಇದು ಒಬ್ಬೊಬ್ಬರು ತೀರ್ಮಾನಿಸುವ ಮಾತಲ್ಲ, ಊರೇ ಕೂತು ತೀರ್ಮಾನಿಸಬೇಕು.

ನಮ್ಮ ಒತ್ತಾಯ ಇಷ್ಟೇ: ಬೇಳೆಕಾಳಿಗೆ ಹೊಸ ಗುಣ ಸೇರಿಸುವುದಾದರೆ ಸರ್ಕಾರಿ ಸಂಸ್ಥೆಗಳು ಸೇರಿಸಲಿ, ಹೈಬ್ರಿಡ್ ಅಲ್ಲದ ತಳಿಯಲ್ಲೇ ಕೊಡಲಿ, ಪರೀಕ್ಷೆಯ ಲೆಕ್ಕ ಕನ್ನಡದಲ್ಲಿ ನಮ್ಮ ಮುಂದಿಡಲಿ, ರಾಶಿಯ ಹೊತ್ತಿಗೆ ಖರೀದಿ ಕೇಂದ್ರ ತೆರೆಯಲಿ.

ಅಲ್ಲಿಯವರೆಗೆ ನಿಮ್ಮ ಒಳ್ಳೆಯ ತೊಗರಿಯ ಒಂದು ಚೀಲ ಬೀಜಕ್ಕೆಂದು ಎತ್ತಿಡಿ. ಅಡತಿಯ ಸಾಲಕ್ಕೆ ಅದನ್ನು ಮಾತ್ರ ಅಳೆಯಬೇಡಿ.