ನವರಂಗ: ಕಲ್ಲಿನ ನಾಟ್ಯಮಂದಿರ

ಹಾಸನ ಜಿಲ್ಲೆಯಲ್ಲಿ ಹಳೆಯ ರಂಗಮಂದಿರ ಯಾವುದೆಂದು ಯಾರಾದರೂ ಕೇಳಿದರೆ ನಾನು ಬೇಲೂರಿನ ಚೆನ್ನಕೇಶವನ ಗುಡಿಯತ್ತ ಕೈ ತೋರಿಸುತ್ತೇನೆ. ಗರ್ಭಗುಡಿಯ ಮುಂದಿನ ಮಂಟಪಕ್ಕೆ ನಮ್ಮ ಹಿರಿಯರು ಇಟ್ಟ ಹೆಸರೇ ನವರಂಗ. ನಾಲ್ಕು ಕಂಬಗಳ ನಡುವೆ ನುಣುಪಾಗಿ ಹಾಸಿದ ದುಂಡನೆಯ ಕಲ್ಲೇ ಅದರ ವೇದಿಕೆ. ದೇವರ ಮುಂದೆ ನೃತ್ಯಸೇವೆ ನಡೆಯುತ್ತಿದ್ದುದು ಇಂತಹ ರಂಗದ ಮೇಲೆ.

ವಿಷ್ಣುವರ್ಧನನು ಈ ದೇವರನ್ನು ಪ್ರತಿಷ್ಠಾಪಿಸಿದುದು 1117ರಲ್ಲಿ. ಆತನ ರಾಣಿ ಶಾಂತಲೆ ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆಯಾಗಿದ್ದಳೆಂದು ಶಾಸನಗಳು ಕೊಂಡಾಡುತ್ತವೆ. ಆಕೆ ಈ ಕಲ್ಲಿನ ಮೇಲೆಯೇ ನರ್ತಿಸಿದಳೆಂಬುದು ಜನರ ನಂಬಿಕೆ. ಅದು ಹೇಗೇ ಇರಲಿ, ಕಂಬಗಳ ಮೇಲಿನಿಂದ ಬಾಗಿ ನಿಂತ ಮದನಿಕೆಯರಲ್ಲಿ ಹಲವರು ನರ್ತಕಿಯರು. ಅವರ ಕಾಲ ಬಳಿ ಮದ್ದಳೆ ಬಾರಿಸುವ ಪುಟ್ಟ ಮೂರ್ತಿಗಳೂ ಉಂಟು.

ಈ ರಂಗಮಂದಿರ ಮೊದಲು ಹೀಗಿರಲಿಲ್ಲ. ಆಗ ಮಂಟಪ ತೆರೆದಿತ್ತು. ಕಂಬಗಳ ನಡುವೆ ಗೋಡೆಯನ್ನೂ ಕಲ್ಲಿನ ಜಾಲಂಧ್ರಗಳನ್ನೂ ಕೂರಿಸಿದುದು ಅನಂತರ, ವಿಷ್ಣುವರ್ಧನನ ಮೊಮ್ಮಗ ಇಮ್ಮಡಿ ಬಲ್ಲಾಳನ ಕಾಲದಲ್ಲಿ. ದಾಳಿಯಲ್ಲಿ ಹಾಳಾದ ಮಹಾದ್ವಾರದ ಗೋಪುರವನ್ನು 1397ರಲ್ಲಿ ವಿಜಯನಗರದ ಇಮ್ಮಡಿ ಹರಿಹರನ ದಂಡನಾಯಕ ಗುಂಡನು ಮತ್ತೆ ಎತ್ತಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ, ಇಟ್ಟಿಗೆ ಮತ್ತು ಮರದಿಂದ ಕಟ್ಟಿದ್ದ ಗರ್ಭಗುಡಿಯ ಶಿಖರವು ಶಿಥಿಲವಾದಾಗ, ಕೆಳಗಿನ ಕಟ್ಟಡವನ್ನು ಕಾಪಾಡಲು ಅದನ್ನು ಇಳಿಸಬೇಕಾಯಿತು. ಒಬ್ಬರು ಸೇರಿಸಿದರು, ಒಬ್ಬರು ಕಟ್ಟಿದರು, ಒಬ್ಬರು ಇಳಿಸಿದರು. ಇಳಿಸಿದುದೂ ಉಳಿಸಿದುದೇ, ಅದೂ ಜೀರ್ಣೋದ್ಧಾರವೇ.

ತೆರೆದ ಮಂಟಪದ ಸೊಬಗನ್ನು ನೋಡಬೇಕೆನ್ನುವವರು ಅರಸೀಕೆರೆಯ ಈಶ್ವರನ ಗುಡಿಗೆ ಹೋಗಬೇಕು. ಸುಮಾರು 1220ರ ಈ ಗುಡಿಯ ಮುಂದೆ ನಕ್ಷತ್ರಾಕಾರದ ಮಂಟಪವಿದೆ. ಗುಮ್ಮಟದಂತಹ ಅದರ ಛಾವಣಿಯ ಕೆಳಗೆ ಸುತ್ತಲಿನಿಂದಲೂ ಬೆಳಕು ಬರುತ್ತದೆ. ಬೇಲೂರಿನ ಜಾಲಂಧ್ರಗಳಿಂದ ನಮಗೆ ದೊರೆತ ಶಿಲ್ಪವೆಷ್ಟು, ನಾವು ಕಳೆದುಕೊಂಡ ಬೆಳಕೆಷ್ಟು ಎಂಬುದು ಇಲ್ಲಿ ನಿಂತಾಗ ಹೊಳೆಯುತ್ತದೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿಯಾದರೋ ಎರಡು ಗರ್ಭಗುಡಿ, ಎರಡು ನವರಂಗ. ಅಲ್ಲಿ ರಂಗ ಉಳಿಯಿತು, ಸುತ್ತಲಿದ್ದ ರಾಜಧಾನಿಯೇ ಅಳಿಯಿತು. ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ ಬಂದುದು 1311ರಲ್ಲಿ.

ಕಲ್ಲನ್ನು ಉಳಿಸುವ ವಿದ್ಯೆ ನಮಗೆ ತಿಳಿದಿದೆ. ಅದರ ಮೇಲೆ ನಡೆದ ಕಲೆಯ ಮಾತೇನು? ಆ ಸೇವೆಯನ್ನು ನಡೆಸಿದವರು ಗುಡಿಗೆ ಒಪ್ಪಿಸಿದ ಹೆಣ್ಣುಮಕ್ಕಳು. ಕಾಲಕ್ರಮದಲ್ಲಿ ಆ ಪದ್ಧತಿ ಅವರಿಗೆ ಸಂಕೋಲೆಯಾಯಿತು. 1909ರಲ್ಲಿ ಮೈಸೂರು ಸರಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ನಿಲ್ಲಿಸಿದುದು ನ್ಯಾಯವೇ. ಹಳೆಯದನ್ನು ಉಳಿಸುವ ಉತ್ಸಾಹದಲ್ಲಿ ಆ ಸಂಕೋಲೆಯನ್ನು ಸೊಗಸೆಂದು ವರ್ಣಿಸುವ ತಪ್ಪನ್ನು ನಾವು ಮಾಡಬಾರದು. ಆದರೆ ಆ ಹೆಣ್ಣುಮಕ್ಕಳು ತಲೆಮಾರುಗಳ ಕಾಲ ಕಾಪಾಡಿದ ವಿದ್ಯೆಯನ್ನೂ ಮರೆಯಬಾರದು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಅರಸೀಕೆರೆಯ ಗುಡಿ ಆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರಲಿ, ಇಲ್ಲದಿರಲಿ, ಇವುಗಳ ಜೀರ್ಣೋದ್ಧಾರದಲ್ಲಿ ಇನ್ನೂ ಒಂದು ಕೆಲಸ ಉಳಿದಿದೆ. ಆ ಹಳೆಯ ಕಲ್ಲಿನ ಮೇಲೆ ಮತ್ತೆ ಕುಣಿಯಬೇಕಾಗಿಲ್ಲ, ಅದು ಸವೆಯದಿರಲಿ. ಈ ಮೂರು ಊರುಗಳ ಶಾಲೆಯ ಮಕ್ಕಳು, ಹೆಣ್ಣು ಗಂಡೆನ್ನದೆ, ತಮ್ಮ ಇಷ್ಟದಿಂದ ನೃತ್ಯವನ್ನು ಕಲಿಯಲಿ. ಆಮೇಲೆ ಅವರನ್ನು ಮದನಿಕೆಯ ಮುಂದೆ ನಿಲ್ಲಿಸಿ, ಈಕೆ ಹೆಜ್ಜೆಯನ್ನು ಹೇಗೆ ಇಟ್ಟಿದ್ದಾಳೆಂದು ಕೇಳೋಣ. ಮಗು ತಾನೇ ಆ ಹೆಜ್ಜೆಯನ್ನಿಟ್ಟು ತೋರಿಸಿದ ದಿನ, ನಮ್ಮ ಹಳೆಯ ರಂಗಮಂದಿರ ಮತ್ತೆ ತೆರೆಯಿತೆಂದು ತಿಳಿಯಬಹುದು.